ಪಂಚರ್‌ಗೆ ಸ್ಟ್ರಿಪ್ ಹಾಕಿದ್ರೂ ಬೈಕ್ ಟೈರ್ ಗಾಳಿ ಇಳೀತಿದೆ, ಎಲ್ಲಿ ತಪ್ಪಾಯ್ತು?

ಅಪಾಚೆ 160 ಸವಾರ:
ಹೋದ ಭಾನುವಾರ ಚಾರ್ಮಾಡಿ ಘಾಟಿಲಿ ಅಣ್ಣಪ್ಪ ಸ್ವಾಮಿ ಗುಡಿ ದಾಟಿ ಕೊಟ್ಟಿಗೆಹಾರದ ಕಡೆ ಹತ್ತುವಾಗ ಹಿಂದಿನ ಟೈರ್ ಪಂಚರ್. ಟ್ಯೂಬ್‌ಲೆಸ್ಸೇ, ಒಳಗೆ ಟ್ಯೂಬ್ ಇಲ್ಲ. ಪಂಚರ್ ಕಿಟ್ ಇತ್ತಲ್ಲ ಅಂತ ಧೈರ್ಯವಾಗಿ ಮೊಳೆ ಕಿತ್ತೆ, ತೂತು ಉಜ್ಜೋ ರೀಮರ್ ಆಡಿಸ್ದೆ, ತೂತು ಮುಚ್ಚೋ ರಬ್ಬರ್ ಸ್ಟ್ರಿಪ್‌ನ ಸೂಜೀಲಿ ಒತ್ತಿ ಹಾಕ್ದೆ, ಮೊದಲನೇದು ಸೂಜಿ ಜೊತೆನೇ ವಾಪಸ್ ಬಂತು, ಎರಡನೇದು ನಿಂತ್ಕೊಳ್ತು. ಹೇಗೋ ಮನೆ ಸೇರ್ದೆ ಆದ್ರೆ ರಾತ್ರಿ ಗಾಳಿ 30 ಪಿಎಸ್‌ಐ (ಒತ್ತಡದ ಅಳತೆ) ಹೊಡೆದ್ರೆ ಬೆಳಿಗ್ಗೆ 12ಕ್ಕೆ ಬಂದಿರುತ್ತೆ. ಟೈರೇ ಬದಲಾಯಿಸ್ಬೇಕಾ?

ಮಲೆನಾಡು ಬೈಕ್:
ಟೈರ್ ಬದಲಾಯಿಸೋ ಮಾತು ಆಮೇಲೆ. ಮೂರು ವಿಷಯ ಹೇಳಿ. ತೂತು ನೆಲಕ್ಕೆ ತಾಗೋ ಭಾಗದಲ್ಲಿದ್ಯಾ, ಪಕ್ಕದ ಗೋಡೆಲಿದ್ಯಾ? ಮೊಳೆ ನೇರ ಹೊಕ್ಕಿತ್ತಾ ಓರೆಯಾಗಿತ್ತಾ? ಕಿಟ್ ತಗೊಂಡು ಎಷ್ಟು ವರ್ಷ ಆಯ್ತು? ಸೋಪ್ ನೀರು ಹಚ್ಚಿ ಗುಳ್ಳೆ ಎಲ್ಲಿಂದ ಬರುತ್ತೆ ನೋಡಿ, ವಾಲ್ವ್ ಬಾಯಿಗೂ ರಿಮ್ ಅಂಚಿಗೂ ಹಚ್ಚಿ.

ಅಪಾಚೆ 160 ಸವಾರ:
ನಡುಭಾಗದಲ್ಲೇ ಅಣ್ಣ. ಮೊಳೆ ಓರೆಯಾಗಿತ್ತು, ನಾನು ರೀಮರ್ ನೇರ ಚುಚ್ಚಿದ್ದೆ. ಗುಳ್ಳೆ ಸ್ಟ್ರಿಪ್ ಪಕ್ಕದಲ್ಲೇ ಬರ್ತಿದೆ, ವಾಲ್ವ್ ಸರಿ ಇದೆ. ಕಿಟ್ ಸೀಟ್ ಕೆಳಗೆ ಮೂರು ವರ್ಷದಿಂದ ಇದೆ, ಸ್ಟ್ರಿಪ್ ಗಟ್ಟಿಯಾಗಿತ್ತು, ಅಂಟಿನ ಟ್ಯೂಬ್ ಪೂರ್ತಿ ಒಣಗಿತ್ತು.

ಮಲೆನಾಡು ಬೈಕ್:
ಅಲ್ಲೇ ಆಗಿರೋದು. ಮೊಳೆ ಹೋದ ದಾರೀಲೇ ರೀಮರ್ ಹೋಗ್ಬೇಕು, ಇಲ್ಲಾಂದ್ರೆ ಒಳಗೆ ಎರಡನೇ ದಾರಿ ಆಗುತ್ತೆ, ಸ್ಟ್ರಿಪ್ ಒಂದನ್ನ ಮುಚ್ಚುತ್ತೆ, ಗಾಳಿ ಇನ್ನೊಂದರಲ್ಲಿ ಬರುತ್ತೆ. ಅದಕ್ಕೇ ಮೊಳೆ ಕೀಳೋ ಮುಂಚೆ ಅದು ಯಾವ ಕಡೆ ವಾಲಿದೆ ನೋಡ್ಕೊಂಡು, ಸೂಜಿಗೆ ಸ್ಟ್ರಿಪ್ ಪೋಣಿಸಿ ರೆಡಿ ಇಟ್ಕೊಂಡು ಆಮೇಲೆ ಕೀಳೋದು. ಸ್ಟ್ರಿಪ್ ಮೆತ್ತಗೆ, ಕೈಗೆ ಅಂಟೋ ಹಾಗಿರ್ಬೇಕು, ಎರಡೂ ಕಡೆ ಪ್ಲಾಸ್ಟಿಕ್ ಹಾಳೆ ಬಿಡಿಸಿರ್ಬೇಕು. ತುದಿಗಳು ಅರ್ಧ ಇಂಚಿನಷ್ಟು ಹೊರಗೆ ಉಳಿಯೋ ತನಕ ಒತ್ತಿ, ಆಮೇಲೆ ಸೂಜಿನ ಒಂದೇ ಸಲ ಜೋರಾಗಿ ನೇರ ಎಳೀರಿ. ನಿಮ್ಮ ಮೊದಲನೇದು ವಾಪಸ್ ಬಂದಿದ್ದು ಸಾಕಷ್ಟು ಒಳಗೆ ಹೋಗದೇ ಇದ್ದಿದ್ರಿಂದ ಅನ್ಸುತ್ತೆ.

ಈಗ ಹಳೇ ಸ್ಟ್ರಿಪ್ ಕಿತ್ತು, ಹೊಸ ಸ್ಟ್ರಿಪ್ ಹೊಸ ಅಂಟು ತಂದು ಓರೆ ದಾರೀಲೇ ಮತ್ತೆ ಮಾಡಿ. ನಿಲ್ಲದಿದ್ರೆ ಟೈರ್ ಬಿಚ್ಚಿಸಿ ಒಳಗಿಂದ ಪ್ಯಾಚ್ ಹಾಕಿಸಿ. ಗೋಡೆಲಿ ತೂತು ಆಗಿದ್ರೆ ಮಾತ್ರ ಸ್ಟ್ರಿಪ್ ನಂಬ್ಬೇಡಿ, ಓಡುವಾಗ ಮಡಚಿ ಬಿಚ್ಚೋ ಜಾಗ ಅದು.

ಕ್ಲಾಸಿಕ್ 350:
ನಂದು ಸ್ಪೋಕ್ ಚಕ್ರ, ಇದೇ ಕಿಟ್ ಇಟ್ಕೊಂಡ್ರೆ ಸಾಕಾ?

ಮಲೆನಾಡು ಬೈಕ್:
ನಿಮ್ಮದ್ರೊಳಗೆ ಟ್ಯೂಬ್ ಇದೆ ಅಂದ್ರೆ ಸ್ಟ್ರಿಪ್ ಉಪಯೋಗ ಇಲ್ಲ. ಸ್ಪೇರ್ ಟ್ಯೂಬ್, ರಿಮ್‌ನಿಂದ ಟೈರ್ ಎಬ್ಬಿಸೋಕೆ ಎರಡು ಟೈರ್ ಲಿವರ್, ಚಕ್ರ ಬಿಚ್ಚೋಕೆ ಆಕ್ಸಲ್ ನಟ್‌ಗೆ ಸರಿಹೊಂದೋ ಸ್ಪ್ಯಾನರ್ ಬೇಕು. ಲಿವರ್ ಹಾಕಿದ ಜಾಗದ ಎದುರು ಬದೀಲಿ ಟೈರ್ ಅಂಚನ್ನ ಮಂಡಿಯಿಂದ ರಿಮ್ ನಡುವಿನ ಗುಂಡಿಗೆ ಒತ್ತಿಟ್ಕೊಳ್ಳಿ, ಆಗ ಸುಲಭವಾಗಿ ಬರುತ್ತೆ. ಮನೇಲಿ ಒಮ್ಮೆ ಮಾಡಿ ನೋಡದೆ ಘಾಟಿಗೆ ಹೋಗ್ಬೇಡಿ ದಯವಿಟ್ಟು, ಅಲ್ಲಿ ಮಳೆ ಮಂಜಲ್ಲಿ ತಿರುವಿನ ಪಕ್ಕ ಕೂತು ಕಲಿಯೋದು ಜೀವಕ್ಕೇ ಅಪಾಯ. ಪಂಪ್ ಇಬ್ಬರಿಗೂ ಬೇಕು, ನಾನಂತೂ ಕಾಲಲ್ಲಿ ಒತ್ತೋ ಪಂಪೇ ಒಯ್ಯೋದು. ಗಾಳಿ ತುಂಬೋ 12 ವೋಲ್ಟ್ ಇನ್‌ಫ್ಲೇಟರ್ ಇದ್ರೆ ಬ್ಯಾಟರಿಗೇ ಕ್ಲಿಪ್ ಹಾಕಿ, ಮೊಬೈಲ್ ಚಾರ್ಜಿಂಗ್ ಸಾಕೆಟ್‌ಗೆ ಅಷ್ಟು ಕರೆಂಟ್ ತಡ್ಕೊಳ್ಳೋ ಶಕ್ತಿ ಇರಲ್ಲ.

ಅಪಾಚೆ 160 ಸವಾರ:
ಅಣ್ಣ, ನಿನ್ನೆ ಹೊಸ ಸ್ಟ್ರಿಪ್ ತಂದು ಓರೆಯಾಗೇ ಹಾಕ್ದೆ. ರಾತ್ರಿ 30, ಈಗ ನೋಡಿದ್ರೂ 30. ಸೋಪ್ ನೀರಲ್ಲಿ ಒಂದು ಗುಳ್ಳೆನೂ ಇಲ್ಲ. ತುಂಬಾ ಉಪಕಾರ ಆಯ್ತು.