ಸಹಾಯ ಬೇಕು: ಆನ್‌ಲೈನ್ ಮೀಟಿಂಗ್‌ನಲ್ಲಿ ಯಾರೂ ಬಾಯಿ ಬಿಡುತ್ತಿಲ್ಲ

ನಮಸ್ಕಾರ, ನಾನು ಕೊಪ್ಪಳದಿಂದ. ರೈತರ ಜೊತೆ ಕೆಲಸ ಮಾಡುವ ನಮ್ಮ ತಂಡದಲ್ಲಿ 12 ಜನ ಇದ್ದೇವೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕಾರಟಗಿ ಅಂತ ಹರಡಿಕೊಂಡಿದ್ದೇವೆ. ಹಾಗಾಗಿ ಪ್ರತಿ ಸೋಮವಾರ ಝೂಮ್‌ನಲ್ಲಿ ಸೇರುತ್ತೇವೆ. ಉಚಿತ ಖಾತೆ, 40 ನಿಮಿಷಕ್ಕೆ ಕಟ್ ಆಗುತ್ತದೆ.

ಅದರಲ್ಲಿ 10 ನಿಮಿಷ "ಕೇಳಿಸ್ತಿದೆಯಾ?" ಅನ್ನುವುದರಲ್ಲೇ ಹೋಗುತ್ತದೆ. ಆಮೇಲೆ ಇಬ್ಬರು ಮಾತಾಡುತ್ತಾರೆ, ಉಳಿದವರು ಮ್ಯೂಟ್. ಮೀಟಿಂಗ್ ಮುಗಿದ ಮೇಲೆ ಒಬ್ಬೊಬ್ಬರೇ ಫೋನ್ ಮಾಡಿ ನಿಜವಾದ ತೊಂದರೆ ಹೇಳುತ್ತಾರೆ. ಕಳೆದ ವಾರ ಕಾರಟಗಿಯವರು ಹೇಳಿದ ತೊಂದರೆಯೇ ಕುಷ್ಟಗಿಯವರಿಗೂ ಇತ್ತು. ಒಬ್ಬರದ್ದು ಒಬ್ಬರಿಗೆ ಗೊತ್ತೇ ಇರಲಿಲ್ಲ. ತುಂಬಾ ಬೇಜಾರಾಯಿತು.

ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ ವಿಷಯ ಕಳಿಸಿ ನೋಡಿದೆ, ಓದುವವರು ಕಡಿಮೆ. ವಿಡಿಯೋ ಹಾಕಿ ಅಂದೆ, ಹಳ್ಳಿಯಲ್ಲಿದ್ದವರ ಲೈನೇ ಹೋಯಿತು. ಹೆಸರು ಹಿಡಿದು ಕೇಳಿದರೆ "ಎಲ್ಲಾ ಸರಿ ಇದೆ ಸರ್" ಅಷ್ಟೇ. ಹೊಸಬರಿಗೆ ಎಲ್ಲರ ಮುಂದೆ ಮಾತಾಡಲು ಭಯ, ಅದು ಸಹಜ ಅಲ್ವಾ?

ವರದಿಯನ್ನು ಮೊದಲೇ ವಾಯ್ಸ್ ಮೆಸೇಜಲ್ಲಿ ತರಿಸಿಕೊಂಡು, ಮೀಟಿಂಗನ್ನು ಬರೀ ಸಮಸ್ಯೆಗೆ ಇಡೋಣ ಅಂತ ಯೋಚನೆ. ಆದರೆ ಗೊಂದಲ ಇಲ್ಲೇ ಇದೆ. 12 ಜನರನ್ನೂ ಒಟ್ಟಿಗೆ ಕೂರಿಸುವುದು ಸರಿಯೋ, ನಾಲ್ಕು ನಾಲ್ಕು ಜನರ ಮೂರು ಸಣ್ಣ ಮೀಟಿಂಗ್ ಮಾಡುವುದು ಸರಿಯೋ? ಮಾಡಿ ನೋಡಿದವರು ದಯವಿಟ್ಟು ಹೇಳಿ.