ಎರಿ ಮಣ್ಣಾಗ ಬೆಳ್ಳಿ ಎಲಿ ಗಿಡ: ಹಸಿ ಇದ್ರೂ ಬಾಡಾಕ ಹತ್ಯಾವ, ಯಾಕ?

ಬಿಳಿಜೋಳ (ವಿಜಯಪುರ):

ನಮಸ್ಕಾರ್ರಿ. ಮನಿ ಪಶ್ಚಿಮಕ್ಕ ಕಂಪೌಂಡ್ ಗ್ವಾಡಿ ಉದ್ದಕ್ಕ 20 ಫೂಟು ಜಾಗಾ ಐತಿ, ಪಕ್ಕಾ ಎರಿ ಮಣ್ಣು. ಮುಂಗಾರಿಗೆ ಅಲ್ಲಿ ಐದು ಲ್ಯೂಕೋಫಿಲಮ್ ಹಚ್ಚೇವಿ. ನರ್ಸರ್ಯಾಗ ಟೆಕ್ಸಾಸ್ ಸೇಜ್ ಅಂತ ಮಾರ್ತಾರಲ್ಲ, ಬೆಳ್ಳಿ ಎಲಿ, ನೇರಳೆ ಹೂವು, ಅದ. ಒಂದೂವರಿ ಫೂಟು ತೆಗ್ಗು ತಗದು ಅರ್ಧ ಉಸುಕು, ಅರ್ಧ ಗೊಬ್ಬರ ತುಂಬೇವಿ. ಸಪ್ಟೆಂಬರ್ ಮಳಿ ಆದ ಮ್ಯಾಲೆ ಕೆಳಗಿನ ಎಲಿ ಹಳದಿ ಆಗಿ ಉದುರಾಕ ಹತ್ಯಾವ, ಎರಡು ಗಿಡದ ತುದಿ ಜೋತು ಬಿದ್ದಾವ. ಮಣ್ಣು ಹಸಿ ಐತಿ, ಆದ್ರೂ ಬಾಡ್ತಾವ. ಗೊಬ್ಬರ ಕಡಿಮಿ ಆಗೈತೇನು? ಬೋರಿನ ನೀರು ಸ್ವಲ್ಪ ಸವಳು. ಬ್ಯಾಸಗಿ 42 ಡಿಗ್ರಿ ತಡೀತಾವೇನ್ರಿ ಇವು?

ಗರಸುಗುಡ್ಡ (ಬಾಗಲಕೋಟೆ):

ಬಿಸಲಿನ ಚಿಂತಿ ಬಿಡ್ರಿ. ಅಮೆರಿಕದ ಟೆಕ್ಸಾಸ್, ಉತ್ತರ ಮೆಕ್ಸಿಕೊ ಕಡೆ ಸುಣ್ಣಗಲ್ಲಿನ ಒಣ ಗುಡ್ಡದಾಗ ತಾನ ಬೆಳಿಯೂ ಗಿಡ ಅದು. ಎಲಿ ಮ್ಯಾಲಿನ ಸಣ್ಣ ಬಿಳಿ ರೋಮ ಬಿಸಲನ್ನ ತಿರುಗಿ ಹೊಡಿತಾವ, ಎಲಿ ನೀರು ಆರೂದೂ ತಡೀತಾವ. ಬರಾ ಅದನ್ನ ಕೊಲ್ಲಂಗಿಲ್ಲ, ಬೇರಿನ ಸುತ್ತ ನಿಂತ ನೀರು ಕೊಲ್ತೈತಿ.

ನಿಮ್ಮಲ್ಲಿ ಆಗಿದ್ದು ಅದ. ಎರಿ ಮಣ್ಣಾಗ ಜೇಡಿ ಅಂಶ ಅರ್ಧಕ್ಕಿಂತ ಹೆಚ್ಚು, ನೀರು ಕುಡದು ಉಬ್ಬಿತಂದ್ರ ಸಂದಿ ಎಲ್ಲಾ ಮುಚ್ಚತಾವ. ಅಂಥಾದ್ರಾಗ ತೆಗ್ಗು ತೋಡಿ ಉಸುಕು ತುಂಬಿದ್ರ ಅದು ನೀರಿನ ಹಗೇವು ಆಗ್ತೈತಿ: ಸುತ್ತಲಿನ ನೀರೆಲ್ಲಾ ಸಡ್ಲ ಜಾಗಾಕ್ಕ ಬಂದು ಕೂಡತೈತಿ, ಕೆಳಗ ಇಳಿಯಾಕ ದಾರಿ ಇಲ್ಲ. ಗಾಳಿ ಸಿಗದ ಬೇರು ಕೊಳಿತೈತಿ, ಕೊಳೆತ ಬೇರು ನೀರು ಎಳೆಯಂಗಿಲ್ಲ. ಅದಕ್ಕ ಹಸಿ ಇದ್ರೂ ಬಾಡತಾವ. ಬಾಡೂದು ನೋಡಿ ಮತ್ತ ನೀರು ಹಾಕಬ್ಯಾಡ್ರಿ, ಬಹಳಷ್ಟು ಗಿಡ ಸಾಯೂದು ಅಲ್ಲೇ.

ಗೊಬ್ಬರದ ಕೊರತಿ ಅಲ್ಲ. ಸುಣ್ಣ ಹೆಚ್ಚಿದ್ದ ಮಣ್ಣಾಗ ಕಬ್ಬಿಣ ಸಿಗದಿದ್ರ ಮೊದಲು ಕುಡಿ ಎಲಿ ಹಳದಿ ಆಗ್ತಾವ, ನರ ಹಸರ ಉಳಿತಾವ. ನಿಮ್ಮದು ಕೆಳಗಿನಿಂದ ಶುರು ಆಗೈತಿ.

ಈಗ ಮಾಡೂದು: ಜೋತು ಬಿದ್ದ ಗಿಡದ ಬೊಡ್ಡಿ ತೊಗಟಿ ಉಗುರಿಲೆ ಕೆರದು ನೋಡ್ರಿ. ಒಳಗ ಹಸರಿದ್ರ ಜೀವ ಐತಿ, ಕಂದಿದ್ರ ಕಿತ್ತು ಒಗೀರಿ. ಜೀವ ಇದ್ದದ್ದನ್ನ ಎಬ್ಬಿಸಿ ಬೇರು ಎಳದು ನೋಡ್ರಿ. ಮ್ಯಾಲಿನ ಸಿಪ್ಪಿ ಕಳಚಿ ನಡುವಿನ ದಾರ ಅಷ್ಟ ಕೈಗೆ ಬಂದ್ರ ಆ ಬೇರು ಸತ್ತಂಗ, ಕತ್ತರಿಸ್ರಿ. ಮ್ಯಾಲಿನ ಟೊಂಗಿ ಮೂರನೇ ಒಂದು ಪಾಲು ಕಡಿಮಿ ಮಾಡಿ, ಗರಸು ತುಂಬಿದ ಕುಂಡ್ಯಾಗ ನೆಳ್ಳಿಗೆ ಇಡ್ರಿ. ಕಾಪರ್ ಆಕ್ಸಿಕ್ಲೋರೈಡ್ (ಬೂಷ್ಟು ರೋಗದ ಔಷಧ) ಲೀಟರ್ ನೀರಿಗೆ 3 ಗ್ರಾಂ ಕಲಸಿ ಬುಡಕ್ಕ ಒಮ್ಮಿ ಹಾಕಬಹುದು. ಆದ್ರ ನೀರು ಬಸಿಯೂ ವ್ಯವಸ್ಥಾ ಇಲ್ಲಂದ್ರ ಯಾವ ಔಷಧನೂ ವ್ಯರ್ಥ.

ಜಾಗಾದಾಗ ತೆಗ್ಗು ಬ್ಯಾಡ, ಏರು ಬೇಕು. ತಳದಾಗ 4 ಫೂಟು, ನೆತ್ತಿಗೆ 2 ಫೂಟು ಅಗಲ, ಒಂದೂವರಿ ಫೂಟು ಎತ್ತರ. 10 ಪುಟ್ಟಿ ಲೆಕ್ಕಕ್ಕ ಗರಸು 6, ದಪ್ಪ ಉಸುಕು 2, ಎರಿ 1, ಹಳೇ ತಿಪ್ಪಿ ಗೊಬ್ಬರ 1. ನಿಮ್ಮ 20 ಫೂಟಿಗೆ ಮುಕ್ಕಾಲು ಬ್ರಾಸ್ (ಒಂದು ಬ್ರಾಸ್ ಅಂದ್ರ 100 ಘನ ಫೂಟು) ಗರಸು, ಕಾಲು ಬ್ರಾಸ್ ಉಸುಕು ತರಸ್ರಿ. ಲೆಕ್ಕಕ್ಕಿಂತ ಹೆಚ್ಚನಿಸಿದ್ರೂ ಮಣ್ಣು ಕೂತ ಮ್ಯಾಲೆ ಸರಿಹೋಗ್ತೈತಿ. ಹಾಕೂಕಿಂತ ಮೊದಲು ಹಳೇ ತೆಗ್ಗಿನ ಉಸುಕು ತಗದು ಅಲ್ಲಿದ್ದ ಎರಿ ಮಣ್ಣ ತುಂಬಿ ತುಳೀರಿ. ಏರಿನ ಅಂಚು ಗ್ವಾಡಿಯಿಂದ ಒಂದು ಫೂಟು ದೂರ ಇರಲಿ, ಇಲ್ಲಂದ್ರ ಗ್ವಾಡಿಗೆ ಹಸಿ ಏರತೈತಿ. ಸಸಿ 4 ಫೂಟಿಗೊಂದು. ನರ್ಸರಿ ಚೀಲದ ಕೆಂಪು ಮಣ್ಣಿನ ಹೆಂಟಿ ಬಿಗಿ ಇರತೈತಿ, ಬದಿಯ ಮಣ್ಣು ಉದುರಿಸಿ, ಹೆಂಟಿ ನೆತ್ತಿ ಏರಿನಕಿಂತ ಒಂದು ಇಂಚು ಮ್ಯಾಲಿರೂ ಹಂಗ ಹಚ್ಚರಿ.

ಬಿಳಿಜೋಳ (ವಿಜಯಪುರ):

ಒಂದರ ಬೊಡ್ಡಿ ಕಂದೈತಿ, ಇನ್ನೊಂದು ಹಸರ ಐತ್ರಿ. ಜಿಪ್ಸಂ ಹಾಕಿದ್ರ ಎರಿ ಸಡ್ಲ ಆಗ್ತೈತಿ ಅಂತ ಅಂಗಡ್ಯಾಂವ ಹೇಳ್ಯಾನ, ಹಾಕಲೇನು? ನೀರು ಎಷ್ಟು, ಕತ್ತರಿ ಯಾವಾಗ?

ಡೋಣಿದಂಡಿ (ವಿಜಯಪುರ):

ಜಿಪ್ಸಂ ಎಲ್ಲ ಎರಿ ಮಣ್ಣಿಗೂ ಮದ್ದಲ್ಲ. ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದ್ದರೆ ಮಾತ್ರ ಅದರಿಂದ ಉಪಯೋಗ. ಹಿಟ್ಟಿನಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು, ಬೋರಿನ ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ಪಿಎಚ್ 8.5 ದಾಟಿ ಸೋಡಿಯಂ ಪ್ರಮಾಣವೂ ಹೆಚ್ಚು ಬಂದರೆ ಅವರು ಹೇಳಿದಷ್ಟು ಹಾಕಿ. ಇಲ್ಲದಿದ್ದರೆ ಆ ದುಡ್ಡಿಗೆ ಇನ್ನೊಂದು ಗಾಡಿ ಗರಸು ಬರುತ್ತದೆ.

ಸ್ವಲ್ಪ ಸವಳು ನೀರನ್ನು ಈ ಗಿಡ ತಾಳುತ್ತದೆ. ಆದರೆ ಪೈಪ್ ಹಿಡಿದು ಎಲೆ ತೋಯಿಸಬೇಡಿ. ರೋಮದಲ್ಲಿ ಉಪ್ಪು ಕೂತು ಅಂಚು ಸುಡುತ್ತದೆ. ಡ್ರಿಪ್ ಇದ್ದರೆ ಬೊಡ್ಡೆಯಿಂದ ಒಂದು ಫೂಟು ದೂರ ಇಡಿ. ಹೊಸ ಸಸಿಗೆ ಮೊದಲ ಮೂರು ವಾರ, ಮಳೆ ಇಲ್ಲದಿದ್ದರೆ, ವಾರಕ್ಕೆ ಎರಡು ಸಲ 5 ಲೀಟರ್, ಆಮೇಲೆ ವಾರಕ್ಕೊಮ್ಮೆ. ನಾಲ್ಕು ಇಂಚು ಕೆದರಿ ನೋಡಿ, ಹಸಿ ತಾಗಿದರೆ ಆ ವಾರ ಬೇಡ. ಎರಡನೇ ವರ್ಷ ಏಪ್ರಿಲ್, ಮೇನಲ್ಲಿ 15 ದಿನಕ್ಕೊಮ್ಮೆ 10 ಲೀಟರ್ ಸಾಕು. ಯೂರಿಯಾ ಬೇಡವೇ ಬೇಡ: ಟೊಂಗೆ ಉದ್ದಕ್ಕೆ ಸೊರಗಿ, ಎಲೆ ಹಸಿರಾಗಿ, ಬೆಳ್ಳಿ ಹೊಳಪು ಹೋಗುತ್ತದೆ. ನೆರಳಲ್ಲೂ ಇದೇ ಕಥೆ. ‘ಗ್ರೀನ್ ಕ್ಲೌಡ್’ ತಳಿಯ ಎಲೆ ಮಾತ್ರ ಹುಟ್ಟಾ ಹಸಿರು, ಅದಕ್ಕೆ ಗಾಬರಿ ಬೇಡ.

ಕತ್ತರಿ ಫೆಬ್ರುವರಿಯಲ್ಲಿ. ದುರಂಟಾ ಬೇಲಿಯಂತೆ ಪೆಟ್ಟಿಗೆ ಆಕಾರಕ್ಕೆ ಕತ್ತರಿಸುವುದು ಇಲ್ಲಿನ ಮಾಲಿಗಳ ಚಟ. ಹಾಗೆ ಮಾಡಿದರೆ ಹೊರಗೆ ಚಿಪ್ಪು, ಒಳಗೆ ಬರೀ ಕಡ್ಡಿ, ಹೂವೂ ಕಡಿಮೆ. ಹಳೆಯ ದಪ್ಪ ಟೊಂಗೆಗಳಲ್ಲಿ ಮೂರನೇ ಒಂದನ್ನು ಬುಡದಿಂದ ತೆಗೆಯಿರಿ, ಉಳಿದದ್ದು ಅದರ ಪಾಡಿಗೆ ಬೆಳೆಯಲಿ. ಗಾಳಿಯಲ್ಲಿ ತೇವ ಏರಿದಾಗ, ಮಳೆಯ ಹಿಂದೆ ಮುಂದೆ, ಒಮ್ಮೆಲೇ ಹೂ ಬಿಡುವ ಜಾತಿ ಇದು. ಜೂನ್ ನಂತರ ಕತ್ತರಿ ಹಿಡಿದರೆ ಆ ಹೂವೇ ಹೋಯಿತು.

ಮಲಪ್ರಭಾ (ಬೆಳಗಾವಿ):

ಬೆಳಗಾವಿಯವರು ಇದನ್ನು ಓದಿ ಹಾಗೇ ನೆಲಕ್ಕೆ ಹಚ್ಚಬೇಡಿ. ವಿಜಯಪುರದ ಮಳೆಗೆ ಇಲ್ಲಿಯದು ಎರಡು ಪಟ್ಟು. ಜುಲೈ, ಆಗಸ್ಟ್‌ನಲ್ಲಿ ಬಿಸಿಲೇ ಇರುವುದಿಲ್ಲ. ಕೆಂಪು ಮಣ್ಣು ನೀರು ಬಸಿದರೂ ರೋಮದ ಎಲೆ ಒಣಗದೆ ಕಪ್ಪಾಗುತ್ತದೆ. 14 ಇಂಚಿನ ಮಣ್ಣಿನ ಕುಂಡದಲ್ಲಿ ಹಚ್ಚಿ, ಮಳೆಗಾಲದಲ್ಲಿ ಬೆಳಕಿರುವ ಸೂರಿನ ಕೆಳಗೆ ಸರಿಸಿ.

ಬಿಳಿಜೋಳ ಅವರೇ, ಸತ್ತ ಗಿಡದ ಬದಲಿಗೆ ಹೊಸದು ತರುವಾಗ ಎಲೆ ನೋಡಿ ತನ್ನಿ. ಸಿಲ್ವರ್ ಕೊನೊಕಾರ್ಪಸ್ಸನ್ನೂ ‘ಸಿಲ್ವರ್ ಗಿಡ’ ಅಂತ ಕೊಡುತ್ತಾರೆ. ಅದರ ಎಲೆ ಉದ್ದ, ತುದಿ ಚೂಪು, ತೊಟ್ಟಿನ ಹತ್ತಿರ ಎರಡು ಸಣ್ಣ ಗ್ರಂಥಿ ಇರುತ್ತವೆ. ಲ್ಯೂಕೋಫಿಲಮ್ ಎಲೆ ಒಂದು ಇಂಚಿನಷ್ಟು, ತುದಿ ದುಂಡು, ಮುಟ್ಟಿದರೆ ಮಖಮಲ್ಲು. ಕೊನೊಕಾರ್ಪಸ್ ಮರವಾಗಿ ಬೆಳೆಯುತ್ತದೆ, ಬೇರು ಪೈಪುಗಳೊಳಗೆ ನುಗ್ಗುತ್ತದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಕಂಪೌಂಡ್ ಗೋಡೆಯ ಪಕ್ಕಕ್ಕಂತೂ ಬೇಡ.

ಕೊಳ್ಳುವ ಬದಲು ಉಳಿದ ಗಿಡದಿಂದಲೇ ಮಾಡಿಕೊಳ್ಳಬಹುದು. ಅರ್ಧ ಬಲಿತ ಟೊಂಗೆ 4 ಇಂಚು ಕತ್ತರಿಸಿ, ಕೆಳಗಿನ ಅರ್ಧದ ಎಲೆ ತೆಗೆದು, ಬೇರು ಬರಿಸುವ ಪುಡಿ ಹಚ್ಚಿ ಬರೀ ಉಸುಕಿನಲ್ಲಿ ನೆಡಿ. ಮೇಲೆ ಪ್ಲಾಸ್ಟಿಕ್ ಮುಚ್ಚಿದರೆ ರೋಮದಲ್ಲಿ ನೀರು ನಿಂತು ಕೊಳೆಯುತ್ತದೆ, ನೆರಳು ಬಲೆ ಸಾಕು. ಬೇರಿಗೆ ಒಂದೂವರೆ ತಿಂಗಳು ಹಿಡಿದೀತು. ರೋಗ ಕಂಡ ಗಿಡದಿಂದ ಮಾತ್ರ ಕಡ್ಡಿ ತೆಗೆಯಬೇಡಿ.