ಪದಚರ್ಚೆ: ಕೆ-ಪಾಪ್ ಹಾಡಿನ ಎತ್ತರದ ದನಿಗೆ ‘ಕಳ್ಳದನಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

‘ಕೆಪಾಪ್ ಡೀಮನ್ ಹಂಟರ್ಸ್’ ಅನ್ನೋ ಅನಿಮೇಷನ್ ಚಿತ್ರದ ‘ಗೋಲ್ಡನ್’ ಅನ್ನೋ ಕೆ-ಪಾಪ್ (ಕೊರಿಯನ್ ಪಾಪ್) ಹಾಡಿನ ಬಗ್ಗೆ ಒಂದು ವಿಮರ್ಶೆ ಬರೆಯುತ್ತಿದ್ದೇನೆ. ಹಾಡಿದವರು ಇಜೇ, ಆಡ್ರಿ ನೂನಾ ಮತ್ತು ರೇ ಆಮಿ. ಚಿತ್ರ ಬಂದಿದ್ದು 2025ರ ಜೂನ್‌ನಲ್ಲಿ. ಆಗಸ್ಟ್ ಹೊತ್ತಿಗೆ ಈ ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು. ನನಗೆ ತುಂಬಾ ಇಷ್ಟವಾದ ಹಾಡು, ಹಾಗಾಗಿ ಅದರ ಕೊರತೆಯನ್ನೂ ಸರಿಯಾದ ಮಾತಲ್ಲೇ ಹೇಳಬೇಕು ಅನ್ನೋ ಆಸೆ. ಕೆಲವು ಕಡೆ ಪದ ಸಿಗದೆ ನಿಂತಿದ್ದೇನೆ.

ಮೊದಲು ಗಾಯನ. ಹಾಡಿನ ತೀರ ಎತ್ತರದ ಜಾಗದಲ್ಲಿ ಇಜೇ ಪಾಶ್ಚಾತ್ಯರು ಎ5 ಅನ್ನುವ ಸ್ವರ ಮುಟ್ಟುತ್ತಾರೆ. ನಮ್ಮ ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಹೇಳುವುದಾದರೆ, ಐದರ ಶ್ರುತಿಯಲ್ಲಿ (ಅಂದರೆ ಜಿ ಸ್ವರವನ್ನು ಷಡ್ಜ ಮಾಡಿಕೊಂಡು) ಹಾಡುವ ಗಾಯಕಿಗೆ ಅದು ತಾರ ಸ್ಥಾಯಿಗೂ ಮೇಲಿನ ಅತಿತಾರ ಸ್ಥಾಯಿಯ ಚತುಶ್ರುತಿ ರಿಷಭ. ಕಚೇರಿಯಲ್ಲಿ ಸಾಮಾನ್ಯವಾಗಿ ತಾರ ಪಂಚಮ ಮುಟ್ಟಿದರೇ ಸಭೆ ಚಪ್ಪಾಳೆ ತಟ್ಟುತ್ತದೆ. ಇದು ಅದಕ್ಕಿಂತಲೂ ನಾಲ್ಕು ಸ್ವರ ಮೇಲೆ! ಅಲ್ಲಿ ಕೇಳುವ ದನಿ ಪೂರ್ತಿ ಎದೆಯಿಂದ ಬಂದದ್ದಲ್ಲ, ಎತ್ತರಕ್ಕೆ ಹೋಗಲು ಬಳಸುವ ಬರೀ ತೆಳುವಾದ ದನಿ, ಅಂದರೆ ಫಾಲ್ಸೆಟ್ಟೊ ಕೂಡ ಅಲ್ಲ. ಎರಡನ್ನೂ ಬೆರೆಸಿ ಗಟ್ಟಿಯಾಗಿ ನಿಲ್ಲಿಸಿದ ದನಿ. ಹಾಡುಗಾರಿಕೆ ಕಲಿಸುವವರು ಇದನ್ನು ಮಿಕ್ಸ್ ವಾಯ್ಸ್ ಅನ್ನುತ್ತಾರೆ.

ನಮ್ಮಲ್ಲಿ ಇದಕ್ಕೆ ಹತ್ತಿರ ಇರುವುದು ‘ಕಳ್ಳದನಿ’, ‘ಕಳ್ಳ ಶಾರೀರ’. ಆದರೆ ಆ ಮಾತಿನಲ್ಲೇ ಬೈಗುಳ ಇದೆ ಅಲ್ವಾ? ತುಂಬಿದ ಕಂಠದಲ್ಲಿ ಹಾಡಲಾಗದೆ ನುಣುಚಿಕೊಂಡರು ಅನ್ನೋ ಅರ್ಥ. ಕೊರಿಯಾದಲ್ಲಿ ಇದನ್ನು ವರ್ಷಗಟ್ಟಲೆ ಸಾಧನೆ ಮಾಡಿ ಕಲಿಯುತ್ತಾರೆ. ಇಜೇ ಕೂಡ ಎಸ್‌ಎಂ ಅನ್ನೋ ಕೊರಿಯಾದ ಸಂಗೀತ ಸಂಸ್ಥೆಯಲ್ಲಿ ತರಬೇತಿ ಪಡೆದವರೇ. ಹೊಗಳಬೇಕಾದ ಜಾಗದಲ್ಲಿ ಕಳ್ಳತನ ಹೊರಿಸಲು ನನಗೆ ಮನಸ್ಸಿಲ್ಲ. ‘ಬೆರೆದನಿ’ ಅಂತ ಬರೆದು ನೋಡಿದೆ. ಕಿವಿಗೆ ಹಿತವಾಗಿದೆ, ಆದರೆ ಓದುವವರಿಗೆ ತಿಳಿಯುತ್ತದಾ? ಹಿಂದೂಸ್ತಾನಿ ಇಲ್ಲವೇ ರಂಗಸಂಗೀತದವರ ಬಾಯಲ್ಲಿ ಬೈಗುಳವಲ್ಲದ ಬೇರೆ ಮಾತೇನಾದರೂ ಇದ್ದರೆ ದಯವಿಟ್ಟು ಹೇಳಿ.

ಇನ್ನು ಪ್ರೊಡಕ್ಷನ್. ಮೊದಲ ಚರಣದಲ್ಲಿ ದನಿ ಕಿವಿಯ ಪಕ್ಕದಲ್ಲೇ ಇದ್ದಂತೆ ಇದೆ, ಉಸಿರೂ ಕೇಳುತ್ತದೆ. ಪಲ್ಲವಿಗೆ ಬಂದಾಗ ಸಿಂಥ್ (ಎಲೆಕ್ಟ್ರಾನಿಕ್ ವಾದ್ಯ), ಡ್ರಮ್ಸ್, ಮೇಲೆ ಮೇಲೆ ಪೇರಿಸಿದ ದನಿಗಳು ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ನಡುವೆ ಒಂದು ಕೊರಿಯನ್ ಸಾಲು ಬರುತ್ತದೆ. ಅದರಲ್ಲಿ ನಮ್ಮ ‘ಅಕ್ಕ’ದ ಒತ್ತಿನ ಹಾಗೆ ಬಿಗಿಯಾದ ‘ಕ್ಕ’ ಇದೆ. ಹೆಡ್‌ಫೋನ್ ಹಾಕಿ ಕೇಳಿದರೂ ಆ ಬಿಗಿ ಅರ್ಧ ಮುಚ್ಚಿಹೋಗಿದೆ. ನನ್ನ ದೊಡ್ಡ ತಕರಾರು ಇದೇ. ಇಷ್ಟು ಒಳ್ಳೆಯ ಹಾಡುಗಾರರಿದ್ದಾಗ ಮಾತಿಗೆ ಸ್ವಲ್ಪ ಜಾಗ ಬಿಡಬೇಕಿತ್ತು.

ಆದರೆ ‘ನಿರ್ಮಾಣದಲ್ಲಿ ದೋಷವಿದೆ’ ಅಂತ ಬರೆದರೆ ಕನ್ನಡದ ಓದುಗರು ದುಡ್ಡು ಹಾಕಿದವರನ್ನು ನೆನೆಯುತ್ತಾರೆ. ನಮ್ಮಲ್ಲಿ ನಿರ್ಮಾಪಕ ಅಂದರೆ ಬಂಡವಾಳ ಹೂಡುವವರು. ಈ ಹಾಡಿನ ಪ್ರೊಡ್ಯೂಸರ್‌ಗಳಲ್ಲಿ ಒಬ್ಬರಾದ ಟೆಡ್ಡಿ ಮಾಡುವ ಕೆಲಸವೇ ಬೇರೆ, ಸದ್ದನ್ನೇ ಕಟ್ಟುವುದು. ‘ಸಂಗೀತ ಸಂಯೋಜನೆ’ ಅಂದರೆ ರಾಗ ಹಾಕುವುದಾಯಿತು. ‘ಸದ್ದಿನ ಕಟ್ಟಣೆ’ ಅಂತ ಇಟ್ಟುಕೊಂಡಿದ್ದೇನೆ, ಒಪ್ಪುತ್ತದಾ? ದನಿ, ವಾದ್ಯಗಳ ಸದ್ದನ್ನು ಹದವಾಗಿ ಸೇರಿಸುವ ಮಿಕ್ಸಿಂಗ್‌ಗೆ ‘ಬೆರಕೆ’ ಅಂದರೆ ಕಲಬೆರಕೆ ವಾಸನೆ ಬರುತ್ತದೆ. ಅದನ್ನು ಮಿಕ್ಸಿಂಗ್ ಅಂತಲೇ ಬಿಡುತ್ತೇನೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಇನ್ನೊಂದು. ಒಬ್ಬರೇ ಗಾಯಕಿ ಅದೇ ಸಾಲನ್ನು ಹಲವು ಸಲ ಹಾಡಿ ಒಂದರ ಮೇಲೊಂದು ಇಟ್ಟರೆ ಅದಕ್ಕೇನು ಹೇಳುವುದು? ‘ಹಿಮ್ಮೇಳ’ ಅಂದರೆ ಹಿಂದೆ ಬೇರೆ ಜನ ಇರಬೇಕು. ‘ಟ್ರ್ಯಾಕ್ ಹಾಡುವುದು’ ಅನ್ನೋ ಮಾತು ನಮ್ಮ ಸಿನಿಮಾದವರಲ್ಲಿ ಆಗಲೇ ಇದೆ, ಅದು ಮುಖ್ಯ ಗಾಯಕರು ಬರುವ ಮುಂಚೆ ಮಾದರಿಗೆ ಹಾಡಿಡುವುದು. ‘ಪದರದನಿ’ ನನಗೆ ಹೊಳೆದದ್ದು. ಬೆಂಗಳೂರಿನ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ಮೈಕ್ ಮುಂದೆ ನಿಂತವರಿಗೆ ನೀವು ಇದನ್ನು ಏನಂತ ಹೇಳುತ್ತೀರಿ? ಅಲ್ಲಿ ಓಡಾಡುವ ಮಾತೇ ಸಿಕ್ಕರೆ ‘ಪದರದನಿ’ಯನ್ನು ತೆಗೆದು ಅದನ್ನೇ ಹಾಕುತ್ತೇನೆ.